ನೋಡೋಣ ಎಂಬ ಕಾನೂನು

2025ರ ನವೆಂಬರ್ 21, ಶುಕ್ರವಾರ ಸಂಜೆ. ಎರಡನೆಯ ಲೇತ್‌ನ ಬೆಲ್ಟ್ ಕಿತ್ತುಹೋಗಿ ನಾನೂ ಮೆಕ್ಯಾನಿಕ್ಕೂ ಅದರ ಹಿಂದೆ ಟಾರ್ಚ್ ಹಿಡಿದು ಕುಕ್ಕರುಗಾಲಲ್ಲಿ ಕುಳಿತಿದ್ದಾಗ ನಮ್ಮ ಕನ್ಸಲ್ಟೆಂಟ್ ಫೋನ್ ಮಾಡಿದರು. ಇಎಸ್‌ಐ ಚಲನ್, ಲೈಸೆನ್ಸು, ವರ್ಷಕ್ಕೊಮ್ಮೆ ಸಲ್ಲಿಸುವ ರಿಟರ್ನ್ಸು ಎಲ್ಲವನ್ನೂ ಅಪ್ಪನ ಕಾಲದಿಂದ ನೋಡಿಕೊಂಡು ಬಂದಿರುವವರು ಅವರು. "ಸಾರ್, ಇವತ್ತಿನಿಂದ ನಿಮ್ಮದು ಫ್ಯಾಕ್ಟರಿ ಅಲ್ಲ" ಎಂದರು. ಎದೆ ಧಸಕ್ಕೆಂದಿತು. ಆಮೇಲೆ ಅವರೇ ಬಿಡಿಸಿ ಹೇಳಿದರು: ನಾಲ್ಕು ಕಾರ್ಮಿಕ ಸಂಹಿತೆಗಳು ಅಂದಿನಿಂದ ಜಾರಿಗೆ ಬಂದಿವೆ. ಹಳೆಯ ಕಾರ್ಖಾನೆ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಜಾಗದಲ್ಲಿ ಹತ್ತು ಜನ ಕೆಲಸಗಾರರಿದ್ದರೆ ಅದು ಕಾರ್ಖಾನೆ. ಹೊಸ ಸಂಹಿತೆಯಲ್ಲಿ ಇಪ್ಪತ್ತು. ನಮ್ಮಲ್ಲಿರುವುದು ಹತ್ತೊಂಬತ್ತು. "ಹಾಗಾದರೆ ಮುಂದಿನ ಸಲ ಲೈಸೆನ್ಸ್ ನವೀಕರಣ ಬೇಡವೇ?" ಎಂದು ಕೇಳಿದೆ. "ಅಯ್ಯೋ, ಅದು ಮಾಡಿಸಲೇಬೇಕು. ರಾಜ್ಯದ ರೂಲ್ಸ್ ಇನ್ನೂ ಬಂದಿಲ್ಲ, ಅಲ್ಲಿಯವರೆಗೆ ಹಳೆಯದೇ ನಡೆಯುತ್ತದಂತೆ." "ಅಂದರೆ ನಮ್ಮದು ಫ್ಯಾಕ್ಟರಿಯೋ ಅಲ್ಲವೋ?" ಫೋನಿನ ಆ ಕಡೆ ಸ್ವಲ್ಪ ಹೊತ್ತು ಮೌನ. "ನೋಡೋಣ ಸಾರ್" ಎಂದರು.

ಬೆಲ್ಟ್ ಹಾಕಿ, ಕೈ ತೊಳೆದು, ಮನೆಗೆ ಹೋದರೂ ಆ ಮಾತು ನನ್ನನ್ನು ಬಿಡಲಿಲ್ಲ. ಅವರ ಮೇಲೆ ಸಿಟ್ಟೇನೂ ಇರಲಿಲ್ಲ. ಅವರಿಗೂ ಗೊತ್ತಿಲ್ಲ, ಗೊತ್ತಿಲ್ಲ ಎನ್ನುವುದಕ್ಕೆ ಅವರ ವೃತ್ತಿಯಲ್ಲಿ ಇರುವ ಗೌರವದ ಪದ ಅದು. ಕಾಡಿದ್ದು ಬೇರೆ. ಆ ಪದವನ್ನು ನಾನು ಅವರಿಂದ ಕೇಳಿದ್ದಕ್ಕಿಂತ ಹೆಚ್ಚು ಸಲ ಇನ್ನೊಬ್ಬರಿಗೆ ಹೇಳಿದ್ದೇನೆ ಎಂಬುದು ನೆನಪಾಯಿತು. ಆ ಇನ್ನೊಬ್ಬರು ಡಿಸೆಂಬರ್ 31ಕ್ಕೆ ಕೆಲಸ ಬಿಡುವವರಿದ್ದರು.

ನಮ್ಮದು ಪೀಣ್ಯದ ಒಂದು ಅಡ್ಡರಸ್ತೆಯಲ್ಲಿ, ಬಾಡಿಗೆ ಶೆಡ್ಡಿನಲ್ಲಿ ನಡೆಯುವ ಮಷೀನ್ ಶಾಪ್. ಮೂರು ಲೇತ್, ಕಂಪ್ಯೂಟರ್ ನಡೆಸುವ ಎರಡು ಸಿಎನ್‌ಸಿ, ಒಂದು ಮಿಲ್ಲಿಂಗ್, ಎರಡು ಡ್ರಿಲ್ಲಿಂಗ್ ಮಷೀನು. ಪಂಪಿಗೆ ಬೇಕಾದ ಬುಷ್, ಫ್ಲ್ಯಾಂಜ್ ಮಾಡಿಕೊಡುತ್ತೇವೆ. ಹೆಚ್ಚಿನದು ಜಾಬ್ ವರ್ಕ್: ಕಬ್ಬಿಣ ಅವರದು, ಕೈ ನಮ್ಮದು. ಇಂತಹ ಶೆಡ್ಡುಗಳು ಆ ಪ್ರದೇಶದಲ್ಲಿ ಸಾವಿರಾರು ಇವೆ. ಹೊರಗಿನಿಂದ ಎಲ್ಲವೂ ಒಂದೇ ತರಹ: ಅರ್ಧ ಎಳೆದ ರೋಲಿಂಗ್ ಶಟರು, ಕೂಲೆಂಟ್ ಎಣ್ಣೆಯ ವಾಸನೆ, ಬಾಗಿಲಲ್ಲಿ ಹೋದ ಆಯುಧಪೂಜೆಯ ಒಣಗಿದ ಬೂದುಗುಂಬಳ.

ಹತ್ತೊಂಬತ್ತು

ಹತ್ತೊಂಬತ್ತು ಎಂಬ ಸಂಖ್ಯೆಯ ಬಗ್ಗೆ ಮೊದಲು ತಪ್ಪೊಪ್ಪಿಕೊಂಡುಬಿಡುತ್ತೇನೆ. ಅದು ಆಕಸ್ಮಿಕವಲ್ಲ. ಪೀಣ್ಯದಲ್ಲಿ ಹತ್ತು ಜನರನ್ನು ಕೇಳಿ, "ಎಷ್ಟು ಜನ ಇದ್ದಾರೆ ನಿಮ್ಮಲ್ಲಿ?" ಎಂದರೆ ಒಂಬತ್ತು ಅಥವಾ ಹತ್ತೊಂಬತ್ತು ಎನ್ನುವವರು ಅದರಲ್ಲಿ ಖಂಡಿತ ಸಿಗುತ್ತಾರೆ. ಒಂಬತ್ತಕ್ಕೆ ನಿಂತವರು ಇಎಸ್‌ಐಗೆ ಹೆದರಿದವರು, ಹತ್ತೊಂಬತ್ತಕ್ಕೆ ನಿಂತವರು ಪಿಎಫ್‌ಗೆ ಹೆದರಿದವರು. ಇಪ್ಪತ್ತನೆಯ ಹೆಸರು ಹಾಜರಿ ಪುಸ್ತಕದಲ್ಲಿ ಬಿದ್ದ ದಿನ ಭವಿಷ್ಯ ನಿಧಿ, ಅಂದರೆ ಪಿಎಫ್, ಅನ್ವಯವಾಗುತ್ತದೆ. ಆಮೇಲೆ ಜನ ಹದಿನೈದಕ್ಕೆ ಇಳಿದರೂ ಅದು ಹೋಗುವುದಿಲ್ಲ. ಒಳಗೆ ಹೋಗಲು ಬಾಗಿಲಿದೆ, ಹೊರಗೆ ಬರಲು ಇಲ್ಲ. ಮಾಲೀಕನ ಪಾಲು, ವಿಮೆ, ಆಡಳಿತ ವೆಚ್ಚ ಎಲ್ಲ ಸೇರಿ ಸಂಬಳದ ಮೇಲೆ ಶೇ 13ರಷ್ಟು ಬೀಳುತ್ತದೆ. ಜಾಬ್ ವರ್ಕ್ ಮಾಡುವವನ ಲಾಭವೇ ಕೆಲವು ತಿಂಗಳು ಅಷ್ಟಿರುವುದಿಲ್ಲ.

ಹಾಗಾಗಿ 2012ರಿಂದ ಇಲ್ಲಿಯವರೆಗೆ ನಾನು ಇಪ್ಪತ್ತನೆಯವನನ್ನು ತೆಗೆದುಕೊಳ್ಳಲಿಲ್ಲ. ಆರ್ಡರ್ ಹೆಚ್ಚಾದಾಗ ಪಕ್ಕದ ಶೆಡ್ಡಿಗೆ ಕೆಲಸ ಕೊಟ್ಟೆ, ಅವರಿಗೆ ಹೆಚ್ಚಾದಾಗ ಅವರು ನನಗೆ ಕೊಟ್ಟರು. ಅವರಲ್ಲಿಯೂ ಹತ್ತೊಂಬತ್ತು. ಕಾನೂನು ಮುರಿಯಲಿಲ್ಲ, ಇದನ್ನು ಒತ್ತಿ ಹೇಳುತ್ತಿದ್ದೇನೆ ಎಂದರೆ ಒತ್ತಿ ಹೇಳಬೇಕಾದ ಸ್ಥಿತಿ ಇದೆ ಎಂದು ನೀವು ಅರ್ಥಮಾಡಿಕೊಳ್ಳಬಹುದು. ಇಎಸ್‌ಐ ಕಟ್ಟಿದ್ದೇನೆ, ಬೋನಸ್ ಕೊಟ್ಟಿದ್ದೇನೆ, ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಏರಿಸಿದ್ದೇನೆ. ಆದರೆ ಹತ್ತೊಂಬತ್ತನ್ನು ದಾಟಲಿಲ್ಲ. ದಾಟುವ ಯೋಚನೆ ಬಂದಾಗಲೆಲ್ಲ ಯಾವುದೋ ಒಂದು ಸರ್ಕಾರ ಯಾವುದೋ ಒಂದು ಹೊಸ ಕಾನೂನು ತರುವುದರಲ್ಲಿರುತ್ತಿತ್ತು.

2014ರಲ್ಲಿ ಕೇಂದ್ರದಲ್ಲಿ ಸರ್ಕಾರ ಬದಲಾಯಿತಲ್ಲ, ಆ ವರ್ಷವೇ ಸಣ್ಣ ಕಾರ್ಖಾನೆಗಳ ಮಸೂದೆ ಎಂಬ ಕರಡೊಂದು ಹೊರಬಂತು. ನಲವತ್ತಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆಗಳಿಗೆ ಹದಿನಾಲ್ಕು ಕಾನೂನುಗಳಿಂದ ವಿನಾಯಿತಿ, ಎಲ್ಲಕ್ಕೂ ಸೇರಿ ಒಂದೇ ಕಾನೂನು. ನಮ್ಮ ರಸ್ತೆಯ ಟೀ ಅಂಗಡಿಯಲ್ಲಿ ಅದರ ಮಾತು ಕ್ರಿಕೆಟ್ಟಿಗಿಂತ ಹೆಚ್ಚು ನಡೆಯಿತು. "ಬರುವ ಅಧಿವೇಶನದಲ್ಲಿ ಆಗಿಹೋಗುತ್ತದೆ" ಎಂದು ಎಲ್ಲರಿಗೂ ಎಲ್ಲರೂ ಹೇಳಿದರು. ನಾನು ಒಂದು ಹೊಸ ಸಿಎನ್‌ಸಿ ಮಷೀನಿಗೆ ಕೊಟೇಶನ್ ತರಿಸಿಕೊಂಡು, ಅದಕ್ಕೆ ಬೇಕಾದ ಇಬ್ಬರನ್ನು ತೆಗೆದುಕೊಳ್ಳಲು ಆ ಮಸೂದೆಗೆ ಕಾದೆ. ಮಸೂದೆ ಬರಲಿಲ್ಲ. ಸತ್ತುಹೋಯಿತು ಎಂದು ಕೂಡ ಯಾರೂ ಹೇಳಲಿಲ್ಲ. ಪತ್ರಿಕೆಗಳು ಕಾನೂನು ಹುಟ್ಟುವ ಸುದ್ದಿ ಬರೆಯುತ್ತವೆ, ಹುಟ್ಟದೆ ಹೋದದ್ದನ್ನು ಬರೆಯುವುದಿಲ್ಲ.

ತುಮಕೂರು ರಸ್ತೆ

ಅಕ್ಕನ ವಿಷಯಕ್ಕೆ ಬರುತ್ತೇನೆ. ಹೆಸರು ಬೇಡ, ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುವುದು. 2008ರ ಆಗಸ್ಟ್‌ನಲ್ಲಿ ಅಪ್ಪ ಅವರನ್ನು ಕೆಲಸಕ್ಕೆ ತೆಗೆದುಕೊಂಡಾಗ ಬುಷ್‌ಗಳ ಅಂಚಿನಲ್ಲಿ ಉಳಿದ ಚೂಪು ಸಿಬರು (ಬರ್) ತೆಗೆದು ಡಬ್ಬಕ್ಕೆ ತುಂಬುವುದಷ್ಟೇ ಅವರ ಕೆಲಸವಾಗಿತ್ತು. ಎರಡು ವರ್ಷದಲ್ಲಿ ಇನ್‌ಸ್ಪೆಕ್ಷನ್ ಟೇಬಲ್ ಅವರದಾಯಿತು. ಗೋ–ನೋಗೋ ಗೇಜ್ ಎಂಬುದೊಂದಿದೆ. ಎರಡು ತುದಿಯ ಉಕ್ಕಿನ ಕಡ್ಡಿ. ಒಂದು ತುದಿ ಬುಷ್‌ನ ರಂಧ್ರದೊಳಗೆ ಸಲೀಸಾಗಿ ಹೋಗಬೇಕು, ಇನ್ನೊಂದು ಹೋಗಲೇಬಾರದು. ಎರಡೂ ಸರಿಯಿದ್ದರೆ ಹಸಿರು ಟ್ರೇ, ತಪ್ಪಿದರೆ ಕೆಂಪು. ನಡುವೆ ಹಳದಿ ಟ್ರೇ ಒಂದಿರುತ್ತದೆ, ಅನುಮಾನವಿದ್ದವನ್ನು ಮತ್ತೆ ನೋಡಲು. ಅಕ್ಕನ ಹಳದಿ ಟ್ರೇಯಲ್ಲಿ ಸಂಜೆ ಐದೂವರೆಗೆ ಒಂದು ಪೀಸೂ ಉಳಿದಿರುತ್ತಿರಲಿಲ್ಲ. ನಾಳೆಗೆ ಬಿಟ್ಟರೆ ಯಾವುದಕ್ಕೆ ಏನು ಅನುಮಾನ ಬಂದಿತ್ತು ಎಂಬುದೇ ಮರೆತುಹೋಗುತ್ತದೆ ಎನ್ನುತ್ತಿದ್ದರು.

2016ರ ಏಪ್ರಿಲ್ 19, ಮಂಗಳವಾರ. ಹಿಂದಿನ ದಿನ ಹೊಸೂರು ರಸ್ತೆಯಲ್ಲಿ ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದಿದ್ದರು. ಅಂದು ಬೆಳಗ್ಗೆ ತುಮಕೂರು ರಸ್ತೆಗೂ ಬಂತು. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಫೆಬ್ರವರಿಯಲ್ಲಿ ಹೊರಡಿಸಿದ್ದ ಅಧಿಸೂಚನೆಯ ವಿರುದ್ಧ. ಬಸ್ಸಿಲ್ಲ, ಟೆಂಪೊ ಇಲ್ಲ, ಮಾಲು ಕಳಿಸುವಂತಿಲ್ಲ. ನಾನು ಶಟರ್ ಇಳಿಸಿ, ಯಾರೂ ಹೊರಗೆ ಹೋಗಬೇಡಿ ಎಂದು ಹೇಳಿ, ಮುಖ್ಯರಸ್ತೆಯ ಮೂಲೆಯವರೆಗೆ ನಡೆದುಹೋದೆ. ಫ್ಲೈಓವರಿನ ಕೆಳಗೆ ಕಣ್ಣು ಹಾಯಿಸಿದಷ್ಟೂ ಹೆಂಗಸರು. ಕೊರಳಲ್ಲಿ ಕಂಪನಿಯ ಐಡಿ ಕಾರ್ಡು, ಕೈಯಲ್ಲಿ ಊಟದ ಬುಟ್ಟಿ. ಮೈಕಿಲ್ಲ, ಬಾವುಟವಿಲ್ಲ, ಮುಂದೆ ನಿಂತ ನಾಯಕರಿಲ್ಲ. ಹೆಬ್ಬಗೋಡಿಯಲ್ಲಿ ಪೊಲೀಸ್ ಠಾಣೆಯ ಬಳಿ ವಾಹನಗಳು ಉರಿಯುತ್ತಿವೆ ಎಂದು ಯಾರದೋ ಮೊಬೈಲಿನಲ್ಲಿ ಸುದ್ದಿ ಬಂತು. ಪಕ್ಕದಲ್ಲಿ ಯಾರೋ ನಿಂತ ಹಾಗಾಗಿ ತಿರುಗಿದರೆ, ಅಕ್ಕ. ನಾನು ಹೇಳಿದ್ದನ್ನು ಕೇಳದೆ ಹಿಂದೆಯೇ ಬಂದಿದ್ದರು.

ಬಹಳ ಹೊತ್ತು ನೋಡಿದರು. ಅವರ ನಾದಿನಿ ಆ ಗುಂಪಿನಲ್ಲಿ ಎಲ್ಲೋ ಇದ್ದಳಂತೆ. "ಸಾರ್, ಇವರು ಅವರದೇ ದುಡ್ಡು ಕೇಳುತ್ತಿರುವುದಲ್ಲವೇ?" ಎಂದರು. ಹೌದು ಎಂದೆ. "ನಮಗೂ ಈ ಪಿಎಫ್ ಬರುತ್ತದೆಯೇ?" ನಮ್ಮಲ್ಲಿ ಇಪ್ಪತ್ತು ಜನ ಇಲ್ಲ ಅಕ್ಕ, ಇಪ್ಪತ್ತಾದರೆ ಮಾತ್ರ ಎಂದೆ. ಅವರು ಒಂದು ಕ್ಷಣ ಯೋಚಿಸಿ, "ಇನ್ನೊಬ್ಬನನ್ನು ತೆಗೆದುಕೊಂಡರೆ ಆಯಿತಲ್ಲ" ಎಂದರು. ಅಣಕವೇನೂ ಇರಲಿಲ್ಲ ಆ ಮಾತಿನಲ್ಲಿ, ಸುಮ್ಮನೆ ಲೆಕ್ಕ. ನನ್ನ ಬಾಯಿಗೆ ಬಂದದ್ದು, "ಹೊಸ ಸರ್ಕಾರ ಹೊಸ ಕಾನೂನು ತರುತ್ತಿದೆಯಂತೆ ಅಕ್ಕ, ಎಲ್ಲ ಬದಲಾಗುತ್ತದಂತೆ. ಬರಲಿ, ನೋಡೋಣ." ಆಗ ಆ ಸರ್ಕಾರಕ್ಕೆ ಎರಡು ವರ್ಷ ಆಗುತ್ತಿತ್ತು, ಹೊಸದೇನಲ್ಲ. ಅಂದು ಸಂಜೆಯೇ ಕೇಂದ್ರ ಆ ಅಧಿಸೂಚನೆಯನ್ನು ವಾಪಸ್ ಪಡೆಯಿತು. ದೆಹಲಿಯಲ್ಲಿ ಬರೆದ ನಿಯಮವನ್ನು ಬೆಂಗಳೂರಿನ ಎರಡು ಹೆದ್ದಾರಿಗಳು ಎರಡು ದಿನದಲ್ಲಿ ಅಳಿಸಿಹಾಕಿದವು. ನಾನು ಆ ರಾತ್ರಿ ಅಪ್ಪನಿಗೆ ಹೇಳಿದ್ದು ನೆನಪಿದೆ: "ನೋಡಿದಿರಾ, ಇವರು ಇಂದು ಹೇಳಿದ್ದು ನಾಳೆ ಇರುವುದಿಲ್ಲ. ಇಂಥವರನ್ನು ನಂಬಿ ನಾವು ಹೇಗೆ ಹೆಜ್ಜೆ ಇಡುವುದು?" ಅಪ್ಪ ಉತ್ತರ ಕೊಡಲಿಲ್ಲ. ಅವರು ಟಿವಿಯಲ್ಲಿ ಆ ಹೆಂಗಸರನ್ನು ನೋಡುತ್ತಿದ್ದರು.

ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೂ ಮಾಲೀಕನೂ ಹೆಚ್ಚಿನ ಕೆಲಸಗಾರರೂ ಒಪ್ಪಿದರೆ ಸ್ವಯಂಪ್ರೇರಣೆಯಿಂದ ಪಿಎಫ್‌ಗೆ ಸೇರಬಹುದು ಎಂಬುದು ನನಗೆ ಆಗಲೇ ಗೊತ್ತಿತ್ತು. ಕನ್ಸಲ್ಟೆಂಟ್ ಎಂದೋ ಹೇಳಿದ್ದರು. ಅಕ್ಕನಿಗೆ ಅದನ್ನು ಹೇಳಲಿಲ್ಲ.

ಬೋರ್ಡಿನ ಪದರಗಳು

ಶೆಡ್ಡಿನ ಬಾಗಿಲ ಬಳಿ ಒಂದು ನೋಟಿಸ್ ಬೋರ್ಡ್ ಇದೆ. ಕೆಲಸದ ವೇಳೆ, ವಾರದ ರಜೆ, ಕನಿಷ್ಠ ವೇತನದ ಪಟ್ಟಿ ಎಲ್ಲ ಅಲ್ಲಿ ಅಂಟಿಸಬೇಕು. ಅಪ್ಪನದೊಂದು ಅಭ್ಯಾಸವಿತ್ತು, ಹಳೆಯದನ್ನು ಕೀಳದೆ ಅದರ ಮೇಲೇ ಹೊಸದನ್ನು ಪಿನ್ ಮಾಡುವುದು. ನಾನೂ ಅದನ್ನೇ ಮುಂದುವರಿಸಿದೆ. ಮೂರು ವರ್ಷದ ಹಿಂದೆ ಗೋಡೆಗೆ ಬಣ್ಣ ಹೊಡೆಸುವಾಗ ಬೋರ್ಡು ಇಳಿಸಿ ಒಂದೊಂದೇ ಹಾಳೆ ಕಿತ್ತೆ. ಹೆಬ್ಬೆರಳಿನಷ್ಟು ದಪ್ಪ ಇತ್ತು. ಅಡಿಯಲ್ಲಿದ್ದವು ಹಳದಿಗಟ್ಟಿ ಎಣ್ಣೆ ಕುಡಿದು ಪಾರದರ್ಶಕವಾಗಿದ್ದವು. ಅಕ್ಕ ಸೇರಿದ ಮೇಲೆ ರಾಜ್ಯ ಕಂಡದ್ದು ಆರು ಮಂದಿ ಮುಖ್ಯಮಂತ್ರಿಗಳನ್ನು, ಅದರಲ್ಲಿ ಕೆಲವರು ಹೋಗಿ ಮತ್ತೆ ಬಂದರು. ಕಾರ್ಮಿಕ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ಇದರ ಮೇಲೆ ದೆಹಲಿಯೂ ಇದೆ. ಇಬ್ಬರು ಯಜಮಾನರಿರುವ ಮನೆಯ ಆಳಿನ ಹಾಗೆ ನಮ್ಮ ಪಾಡು: ಒಬ್ಬರು ಕರೆದಾಗ ಇನ್ನೊಬ್ಬರ ಮುಖ ನೋಡಬೇಕು.

ಬೋರ್ಡಿಗೆ ಏರದೆ ಹೋದ ಹಾಳೆಗಳು ಇನ್ನೂ ಹೆಚ್ಚು. 2020ರ ಮೇ 22ರಂದು ರಾಜ್ಯ ಸರ್ಕಾರ ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಬಹುದು ಎಂದು ಅಧಿಸೂಚನೆ ಹೊರಡಿಸಿತು. ನನ್ನ ಶೆಡ್ಡಿನಲ್ಲಿ ಆಗ ಇದ್ದದ್ದು ನಾನು, ಅಕ್ಕ ಮತ್ತು ಇನ್ನು ನಾಲ್ವರು, ಉಳಿದವರು ಊರು ಸೇರಿದ್ದರು. ಹಲ್ಲಿಲ್ಲದವನಿಗೆ ಕಡಲೆ ಸಿಕ್ಕಿತು. ಮೂರು ವಾರದಲ್ಲಿ ಅದನ್ನೂ ವಾಪಸ್ ಪಡೆದರು. 2023ರ ಫೆಬ್ರವರಿಯಲ್ಲಿ, ಚುನಾವಣೆಗೆ ಮೂರು ತಿಂಗಳಿರುವಾಗ, ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಿತು: ವಾರದ ಮಿತಿ 48 ಗಂಟೆಯೇ, ಆದರೆ ದಿನಕ್ಕೆ 12 ಗಂಟೆಯವರೆಗೆ ಹೋಗಬಹುದು, ಮೂರು ತಿಂಗಳ ಓವರ್‌ಟೈಮ್ ಮಿತಿ 75 ಗಂಟೆಯಿಂದ ಹೆಚ್ಚುಕಡಿಮೆ ಎರಡು ಪಟ್ಟಿಗೆ. ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಹೊಸಬರು ಬಂದ ತಕ್ಷಣ ಇದನ್ನು ಕಿತ್ತುಹಾಕುತ್ತಾರೆ ಎಂದು ನಮ್ಮ ರಸ್ತೆಯಲ್ಲಿ ಅರ್ಧ ಜನ, ಇಲ್ಲ ಎಂದು ಇನ್ನರ್ಧ ಜನ ವಾದಿಸಿದರು. ಸರ್ಕಾರ ಹೋಯಿತು, ಕಾನೂನು ಉಳಿಯಿತು.

ಈ 12 ಗಂಟೆಯ ವಿಷಯದಲ್ಲಿ ಒಂದು ತಮಾಷೆ ನಡೆಯಿತು. ನಮ್ಮ ಸಿಎನ್‌ಸಿ ಹುಡುಗ, ಚನ್ನರಾಯಪಟ್ಟಣದ ಕಡೆಯವನು, ಮೊಬೈಲಿನಲ್ಲಿ ಅದನ್ನು ಓದಿಕೊಂಡು ನೇರ ನನ್ನ ಟೇಬಲ್ಲಿಗೆ ಬಂದ. "ಸಾರ್, ಹನ್ನೆರಡು ನಾಲ್ಕಲಿ ನಲವತ್ತೆಂಟು. ನಾಲ್ಕು ದಿನ ಬಂದರೆ ಸಾಕಲ್ಲವೇ?" ಕ್ಯಾಲೆಂಡರಿನ ಹಿಂಬದಿಯಲ್ಲಿ ಇಬ್ಬರೂ ಸೇರಿ ಶಿಫ್ಟು ಬರೆದೆವು. ಸೋಮವಾರದಿಂದ ಗುರುವಾರ ಅವನು, ಶುಕ್ರ–ಶನಿ ಇನ್ನೊಬ್ಬ. ಅಂದರೆ ಇನ್ನೊಬ್ಬ ಬೇಕು. ಇನ್ನೊಬ್ಬ ಎಂದರೆ ಇಪ್ಪತ್ತು. ಪೆನ್ನು ಅಲ್ಲಿಗೇ ನಿಂತಿತು. "ಉಳಿದ ಮೂರು ದಿನ ಏನು ಮಾಡುತ್ತೀಯ, ಊರಿಗೆ ಹೋಗುತ್ತೀಯಾ?" ಎಂದರೆ, "ಇಲ್ಲ ಸಾರ್, ಆಟೊ ಓಡಿಸುತ್ತೇನೆ" ಎಂದ. ದೇಶದ ದೊಡ್ಡವರು ವಾರಕ್ಕೆ ಎಷ್ಟು ಗಂಟೆ ದುಡಿಯಬೇಕು ಎಂದು ಚರ್ಚೆ ಮಾಡುವಾಗಲೆಲ್ಲ ನನಗೆ ಇವನ ನೆನಪಾಗುತ್ತದೆ.

2024ರ ಜುಲೈನದು ಇನ್ನೂ ಚುಟುಕು. ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಮೀಸಲು ಎಂಬ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಎರಡೇ ದಿನಕ್ಕೆ ತಡೆಹಿಡಿಯಿತು. ಆ ಎರಡು ದಿನದಲ್ಲಿ ನಾನೂ ಎಣಿಸಿದೆ. ಆಡಳಿತ ಎಂದರೆ ನಾನು ಮತ್ತು ಲೆಕ್ಕ ಬರೆಯುವ ನನ್ನ ಹೆಂಡತಿ, ನೂರಕ್ಕೆ ನೂರು ಸ್ಥಳೀಯರು. ಕೆಳಗೆ ಒಡಿಶಾದ ಐವರು, ಬಿಹಾರದ ಒಬ್ಬ. ಲೆಕ್ಕ ಹಾಕಿದರೆ ಶೇ 68. ಒಬ್ಬನನ್ನು ಬದಲಿಸಿದರೆ ಸಾಕು ಎಂದು ಮನಸ್ಸಿನಲ್ಲೇ ಯಾರು ಎಂದು ಹುಡುಕುತ್ತಿದ್ದೆ. ಆ ಹುಡುಕಾಟ ನಡೆದದ್ದು ಅವರಿಗೆ ಗೊತ್ತಿಲ್ಲ, ಮಸೂದೆ ನಿಂತಿತು. ಆದರೆ ನನ್ನ ಕಣ್ಣು ಮೂರನೆಯ ಲೇತ್‌ನವನ ಮೇಲೆ ಹೋಗಿ ನಿಂತದ್ದು ನನಗೆ ಗೊತ್ತು.

2025ರಲ್ಲಿ ಋತುಚಕ್ರ ರಜೆ ಬಂತು. ಅಕ್ಟೋಬರ್‌ನಲ್ಲಿ ಸಂಪುಟದ ಒಪ್ಪಿಗೆ, ನವೆಂಬರ್‌ನಲ್ಲಿ ಆದೇಶ: ತಿಂಗಳಿಗೆ ಒಂದು ದಿನ, ವರ್ಷಕ್ಕೆ 12, ಸಂಬಳ ಸಹಿತ. ನಮ್ಮಲ್ಲಿ ಐದು ಜನ ಹೆಂಗಸರು. ಡಿಸೆಂಬರ್ 9ರ ಬೆಳಗ್ಗೆ ಹೋಟೆಲ್ ಮಾಲೀಕರ ಸಂಘದ ಅರ್ಜಿಯ ಮೇಲೆ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು ಎಂದು ನಮ್ಮ ಮಾಲೀಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಬ್ಬೆರಳುಗಳ ಸುರಿಮಳೆಯಾಯಿತು. ಅದೇ ದಿನ, ಕೆಲವೇ ಗಂಟೆಗಳಲ್ಲಿ, ಆ ತಡೆಯಾಜ್ಞೆಯನ್ನು ಕೋರ್ಟ್ ಹಿಂಪಡೆಯಿತು ಎಂದು ಸುದ್ದಿ ಬಂದಾಗ ಗುಂಪು ಮೌನವಾಯಿತು. ಪ್ಯಾಕಿಂಗ್‌ನಲ್ಲಿರುವ ಒಬ್ಬ ಹುಡುಗಿ ಹಿಂದಿನ ದಿನವಷ್ಟೇ ಅಕ್ಕನ ಮೂಲಕ ಆ ರಜೆ ಕೇಳಿ ಅಂದು ಮನೆಯಲ್ಲಿದ್ದಳು. ಅವಳು ಬೆಳಗ್ಗೆ ಕಾನೂನಿನ ಒಳಗಿದ್ದಳು, ಮಧ್ಯೆ ಸ್ವಲ್ಪ ಹೊತ್ತು ಹೊರಗಿದ್ದಳು, ಮತ್ತೆ ಒಳಗೆ ಬಂದಳು. ಪಾಪ, ಮಲಗಿದ್ದಳೋ ಏನೋ.

ನಲವತ್ತೈದು ದಿನ

ನನ್ನನ್ನು ನಾನು ಸಮರ್ಥಿಸಿಕೊಳ್ಳಲು ಹೊರಟಾಗ ಸಿಕ್ಕಿದ ಒಂದು ವಾದವನ್ನೂ ಹೇಳಿಬಿಡಬೇಕು. ಅದು ಕೊನೆಗೆ ನನ್ನ ವಿರುದ್ಧವೇ ತಿರುಗಿತು. ನನಗೂ ಒಂದು ಕಾನೂನಿದೆ. 2006ರ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ ನಾನು ಮಾಡಿಕೊಟ್ಟ ಮಾಲಿನ ಹಣವನ್ನು ದೊಡ್ಡ ಕಂಪನಿ 45 ದಿನದೊಳಗೆ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ಪೋರ್ಟಲ್ ಇದೆ. ಕಾಗದದ ಮೇಲೆ ಇಷ್ಟು ಒಳ್ಳೆಯ ಕಾನೂನು ಈ ದೇಶದಲ್ಲಿ ಕಡಿಮೆ. ನನ್ನ ಮುಖ್ಯ ಗಿರಾಕಿ ಕೊಡುವುದು 110, 120 ದಿನಕ್ಕೆ. ಅವರ ಪರ್ಚೇಸ್ ವಿಭಾಗದ ಹುಡುಗನಿಗೆ ಒಮ್ಮೆ, ಬಹಳ ನಯವಾಗಿ, ಈ ಕಾಯ್ದೆಯ ಹೆಸರು ಹೇಳಿದೆ. ಅವನು ನನಗಿಂತ ನಯವಾಗಿ ನಕ್ಕು, "ಸಾರ್, ನಮ್ಮ ಕಂಪನಿಯಲ್ಲಿ ಪಾಲಿಸಿ ರಿವ್ಯೂ ನಡೆಯುತ್ತಿದೆ. ನೋಡೋಣ" ಎಂದ. ಆ ತಿಂಗಳ ಶೆಡ್ಯೂಲ್‌ನಲ್ಲಿ ನನ್ನ ಬುಷ್‌ಗಳ ಸಂಖ್ಯೆ ಅರ್ಧಕ್ಕೆ ಇಳಿಯಿತು. ನಾನು ದೂರು ಕೊಡಲಿಲ್ಲ. ಯಾರೂ ಕೊಡುವುದಿಲ್ಲ. ದೂರು ಗೆದ್ದು ಗಿರಾಕಿಯನ್ನು ಕಳೆದುಕೊಂಡು ಬಾಡಿಗೆ ಶೆಡ್ಡಿನಲ್ಲಿ ಕುಳಿತು ಏನು ಮಾಡುವುದು?

ಇದನ್ನು ಹೆಂಡತಿಗೆ ಹೇಳಿ ಹಲ್ಲು ಕಡಿಯುತ್ತಿದ್ದಾಗ ಅವಳು ಸಂಬಳದ ಪಟ್ಟಿ ಬರೆಯುತ್ತಿದ್ದಳು. ತಲೆ ಎತ್ತದೆ, "ಅಕ್ಕನೂ ಹಾಗೇ ಅಂದುಕೊಂಡಿರಬೇಕು" ಎಂದಳು. ಅಷ್ಟೇ ಹೇಳಿದಳು. ಅದರ ಮೇಲೆ ನಾನೂ ಏನೂ ಕೇಳಲಿಲ್ಲ.

ಸರ್ಕಾರಗಳ ಮೇಲಿನ ನನ್ನ ದೂರು ಸುಳ್ಳಲ್ಲ. ನಾಲ್ಕು ಸಂಹಿತೆಗಳಲ್ಲಿ ಒಂದು 2019ರಲ್ಲಿ, ಮೂರು 2020ರಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಗಿ, ರಾಷ್ಟ್ರಪತಿಗಳ ಅಂಕಿತ ಬಿದ್ದು, ಐದು ವರ್ಷ ಜಾರಿಯಾಗದೆ ಕುಳಿತವು. ಕಾನೂನು ಇದೆ, ಆದರೆ ಇಲ್ಲ. ಆ ಅವಧಿಯಲ್ಲಿ ಮಷೀನು ಕೊಳ್ಳುವವನು, ಜನ ತೆಗೆದುಕೊಳ್ಳುವವನು ಯಾವ ಪುಸ್ತಕ ನೋಡಬೇಕು? ದೊಡ್ಡ ಕಂಪನಿಗೆ ಅದಕ್ಕೆಂದೇ ವಕೀಲರ ವಿಭಾಗವಿದೆ, ಎರಡೂ ಲೆಕ್ಕ ಇಟ್ಟುಕೊಳ್ಳುತ್ತಾರೆ. ನನಗಿರುವುದು ಒಬ್ಬ ಕನ್ಸಲ್ಟೆಂಟ್, ಅವರಿಗೆ ನನ್ನಂಥವರು ಹಲವಾರು. ಕಾನೂನು ಬಿಗಿಯಾದರೆ ಆ ಬಿಗಿಗೆ ತಕ್ಕ ಹಾಗೆ ದರ ಹಾಕುತ್ತೇವೆ, ಸಡಿಲವಾದರೆ ಅದಕ್ಕೆ ತಕ್ಕ ಹಾಗೆ. ತೂಗಾಡುವ ಕಾನೂನಿಗೆ ದರ ಹಾಕುವುದು ಹೇಗೆಂದು ನನಗೆ ಯಾರೂ ಕಲಿಸಿಲ್ಲ. ಇದೆಲ್ಲ ನಿಜ. ಆದರೆ ಆ ತೂಗಾಟ ನನಗೆ ಬರೀ ಕಷ್ಟ ಕೊಟ್ಟಿತು ಎಂದರೆ ಅದು ಪೂರ್ತಿ ನಿಜವಲ್ಲ. ತೂಗಾಡುವಷ್ಟು ಕಾಲ ನಾನು ಏನನ್ನೂ ನಿರ್ಧರಿಸಬೇಕಾಗಿರಲಿಲ್ಲ. ನಿರ್ಧರಿಸದೆ ಇದ್ದುದರ ಹೊರೆ ಯಾರ ಮೇಲೆ ಬೀಳುತ್ತಿತ್ತು ಎಂದು ನೋಡಬೇಕಾಗಿಯೂ ಇರಲಿಲ್ಲ. 2014ರಲ್ಲಿ ಮಸೂದೆ ಬರಲಿ ಎಂದೆ, 2016ರಲ್ಲಿ ಹೊಸ ಕಾನೂನು ಬರಲಿ ಎಂದೆ, 2020ರಲ್ಲಿ ಕೊರೊನಾ ಮುಗಿಯಲಿ ಎಂದೆ, 2023ರಲ್ಲಿ ಹೊಸ ಸರ್ಕಾರದ ಧೋರಣೆ ತಿಳಿಯಲಿ ಎಂದೆ. ಪ್ರತಿ ಸಲವೂ ಕಾರಣ ಅಸಲಿಯಾಗಿತ್ತು, ನಕಲಿ ಕಾರಣ ಒಂದೂ ಇರಲಿಲ್ಲ. ಅದೇ ನನಗೆ ಈಗ ಹೆಚ್ಚು ಮುಜುಗರ ತರುವುದು.

ಡಿಸೆಂಬರ್ 31

ಅಕ್ಕನಿಗೆ ಐವತ್ತೆಂಟು ತುಂಬಿತು. ಕಣ್ಣು ಸ್ವಲ್ಪ ಮಂಜಾಗುತ್ತಿದೆ, ಗೇಜಿನ ಕೆಲಸಕ್ಕೆ ಮೋಸ ಆಗಬಾರದು ಎಂದು ಅವರೇ ಹೇಳಿದರು. ಗ್ರಾಚ್ಯುಟಿ ಲೆಕ್ಕವನ್ನು ನಾನೇ ಕುಳಿತು ಮಾಡಿದೆ. ಕೊನೆಯ ಸಂಬಳ 15,600. ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ 600. ಹದಿನೈದು ದಿನಕ್ಕೆ 9,000. ಹದಿನೇಳು ವರ್ಷಕ್ಕೆ 1,53,000. ಚೆಕ್ ಬರೆದೆ. ಮಧ್ಯಾಹ್ನ ಊಟದ ಹೊತ್ತಿಗೆ ಮಷೀನು ನಿಲ್ಲಿಸಿ ಎಲ್ಲರೂ ಸೇರಿದೆವು. ಮೈಸೂರು ಪಾಕು, ಒಂದು ಸೀರೆ, ಒಡಿಶಾದ ಹುಡುಗರು ತಾವೇ ದುಡ್ಡು ಹಾಕಿ ತಂದ ಒಂದು ಗೋಡೆ ಗಡಿಯಾರ. ಅಕ್ಕ ಟೇಬಲ್ಲಿನ ಡ್ರಾಯರ್‌ನಿಂದ ಗೇಜುಗಳ ಮರದ ಪೆಟ್ಟಿಗೆ ತೆಗೆದು, ಪ್ರತಿಯೊಂದನ್ನೂ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಅದರದರ ಗುಳಿಯಲ್ಲಿ ಕೂರಿಸಿ ನನ್ನ ಕೈಗೆ ಕೊಟ್ಟರು. ಹಳದಿ ಟ್ರೇ ಖಾಲಿ ಇತ್ತು.

ಗೇಟಿನವರೆಗೆ ಹೋದೆ. ಆಟೊ ಹತ್ತುವ ಮುಂಚೆ ತಿರುಗಿ, "ಸಾರ್, ಅದೇನೋ ಹೊಸ ಕಾನೂನು ಬರಲಿ ಎಂದಿದ್ದಿರಲ್ಲ, ಬಂತೆ?" ಎಂದರು.

ಬಂತು ಅಕ್ಕ, ಹೋದ ತಿಂಗಳು, ಎಂದೆ.

"ಹೌದಾ, ಒಳ್ಳೆಯದಾಯಿತು. ಈ ಹುಡುಗರಿಗಾದರೂ ಆಗುತ್ತದೆ" ಎಂದು ಹತ್ತಿ ಕುಳಿತರು. ಅವರ ಮುಖದಲ್ಲಿ ನಾನು ಹುಡುಕಿದ್ದು ಸಿಗಲಿಲ್ಲ. ಸಿಟ್ಟಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ.

ಆ ರಾತ್ರಿ ಇನ್ನೊಂದು ಲೆಕ್ಕ ಮಾಡಿದೆ. ತುಮಕೂರು ರಸ್ತೆಯ ಆ ದಿನದ ಮರುತಿಂಗಳಿನಿಂದ ಪಿಎಫ್ ಕಟ್ಟಿದ್ದರೆ ಒಂಬತ್ತು ವರ್ಷ ಎಂಟು ತಿಂಗಳು ಆಗುತ್ತಿತ್ತು. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಆದರೆ ಆರು ತಿಂಗಳು ದಾಟಿದ್ದನ್ನು ಒಂದು ವರ್ಷವೆಂದೇ ಎಣಿಸುತ್ತಾರೆ. ಅಂದರೆ ಸರಿಯಾಗಿ ಹತ್ತು ಆಗುತ್ತಿತ್ತು. ಸಂಬಳ ಸರಾಸರಿ 12,500, ದರ ತಲಾ ಶೇ 12 ಎಂದು ಹಿಡಿದರೆ ಅವರ ಪಾಲೂ ನನ್ನ ಪಾಲೂ ಸೇರಿ ತಿಂಗಳಿಗೆ 3,000. ನೂರಾ ಹದಿನಾರು ತಿಂಗಳಿಗೆ 3,48,000, ಬಡ್ಡಿ ಬೇರೆ. ಅರ್ಧ ಅವರದೇ ದುಡ್ಡು, ನಿಜ. ಒಂದು ಭಾಗ ಪಿಂಚಣಿಗೆ ಹೋಗುತ್ತಿತ್ತು, ಉಳಿದದ್ದು ಕೈಗೆ. ಕ್ಯಾಲ್ಕುಲೇಟರ್ ಅನ್ನು ಎರಡು ಸಲ ಒತ್ತಿ ನೋಡಿದೆ. ನನ್ನ ಪಾಲು ತಿಂಗಳಿಗೆ 1,500 ರೂಪಾಯಿ. ಸಿಎನ್‌ಸಿಯಲ್ಲಿ ಕಬ್ಬಿಣ ಕತ್ತರಿಸುವ ಎರಡು ಇನ್‌ಸರ್ಟ್‌ಗಳ ಬೆಲೆ ಇರಬಹುದು. ಹತ್ತೊಂಬತ್ತು ಜನರಿಗೂ ಕಟ್ಟುವುದು ಬೇರೆ ಮಾತು, ಅದು ಆಗ ನನ್ನಿಂದ ಆಗುತ್ತಿತ್ತೋ ಇಲ್ಲವೋ ಎಂದು ಈಗಲೂ ಖಚಿತವಾಗಿ ಹೇಳಲಾರೆ.

ಜನವರಿಯ ಮೊದಲ ಸೋಮವಾರ ಕನ್ಸಲ್ಟೆಂಟ್‌ಗೆ ಫೋನ್ ಮಾಡಿ ಸ್ವಯಂಪ್ರೇರಣೆಯ ಅರ್ಜಿಗೆ ಏನೇನು ಬೇಕು ಎಂದು ಕೇಳಿದೆ. ಅವರು ಗಾಬರಿಯಾದರು. "ಸಾರ್, ಈಗ ಏಕೆ? ರೂಲ್ಸ್ ಬರಲಿ, ವೇತನದ ವ್ಯಾಖ್ಯೆ ಬೇರೆ ಬದಲಾಗಿದೆ, ಸ್ವಲ್ಪ ದಿನ ನೋಡೋಣ" ಎಂದರು. ಅವರ ಸಲಹೆ ತಪ್ಪೇನಲ್ಲ. ಆದರೂ ಹಾಳೆ ತರಿಸಿಕೊಂಡೆ. ಈಗ ನಾವು ಹದಿನೆಂಟು ಜನ, ಬಹುಮತಕ್ಕೆ ಹತ್ತು ಸಹಿ ಬೇಕು. ಊಟದ ಹೊತ್ತಿನಲ್ಲಿ ಎಲ್ಲರಿಗೂ ವಿವರಿಸಿದೆ: ನಿಮ್ಮ ಸಂಬಳದಲ್ಲಿ ಶೇ 12ರಂತೆ ಹಿಡಿಯೋಣ, ನಾನೂ ಅಷ್ಟೇ ಹಾಕುತ್ತೇನೆ. ಹೆಂಗಸರು ನಾಲ್ವರೂ ಮೊದಲೇ ಮಾತಾಡಿಕೊಂಡಂತೆ ಬಂದು ಸಹಿ ಹಾಕಿದರು. ಹಳೆಯ ಲೇತ್ ಆಪರೇಟರ್ ಇಬ್ಬರು ಹಾಕಿದರು. ಮೂರನೆಯ ಲೇತ್‌ನವನು ಒಡಿಯಾದಲ್ಲಿ ದೊಡ್ಡದಾಗಿ ಹೆಸರು ಬರೆದ. ಏಳಾಯಿತು.

ಚನ್ನರಾಯಪಟ್ಟಣದ ಹುಡುಗ ಹಾಳೆಯನ್ನು ಎರಡು ಸಲ ಓದಿದ. "ಸಾರ್, ಕೈಗೆ ಬರುವುದು ಎರಡು ಸಾವಿರ ಕಡಿಮೆಯಾಗುತ್ತದಲ್ಲ?" ಎಂದ. ಆಗುತ್ತದೆ ಎಂದೆ. ಆಟೊದ ಕಂತು ಇದೆಯಂತೆ, ಮನೆಯಲ್ಲಿ ಕೇಳಬೇಕಂತೆ. ಪೆನ್ನಿನ ಕ್ಯಾಪು ಮುಚ್ಚಿ ಹಾಳೆಯ ಮೇಲಿಟ್ಟು, ಮಷೀನಿನ ಕಡೆ ಹೊರಟವನು ಅರ್ಧ ದಾರಿಯಲ್ಲಿ ತಿರುಗಿ, "ಸರ್ಕಾರ ಏನಾದರೂ ಮಾಡುತ್ತದಂತೆ ಸಾರ್, ನೋಡೋಣ" ಎಂದ.